ನೊಗ ಕಟ್ಟಿದ ಮೋಟಾರು

ಮಕ್ಕಳೇ, ನೀವು ಪುಟ್ಟ ಕಾರಿನ ಮುರಿದ ಗಾಲಿಗೆ ಅಂಟು ಹಚ್ಚಿ ಕೂಡಿಸುವಾಗ ಆ ವಾಸನೆಗೆ ನನಗೊಂದು ಮಧ್ಯಾಹ್ನ ನೆನಪಾಗುತ್ತದೆ.

ನಿಜಾಮರ ಆಳ್ವಿಕೆ ಮುಗಿದ ವರ್ಷ ಅದು. ಅದಕ್ಕೂ ಮುಂಚಿನ ಲೂಟಿ, ಗದ್ದಲಕ್ಕೆ ಹೆದರಿ ಸಂಸ್ಥಾನದ ಗಡಿಯಾಚೆ ಹೋಗಿದ್ದ ಗಂಡಸರು ಒಬ್ಬೊಬ್ಬರಾಗಿ ನಮ್ಮೂರು ಬೋನಾಳಕ್ಕೆ ಮರಳುತ್ತಿದ್ದರು. ನನ್ನಪ್ಪ ಮಾತ್ರ ಬಂದಿರಲಿಲ್ಲ. ಸುರಪುರದ ತನಕ ಮೋಟಾರಿನಲ್ಲಿ ಬರುತ್ತಾನೆಂದು ಯಾರೋ ಸುದ್ದಿ ತಂದಿದ್ದರು. ನಾನು ಮೋಟಾರು ಕಂಡವಳಲ್ಲ. ಅಪ್ಪನ ತಾಯಿ, ನಮ್ಮ ಆಯಿಯೂ ಕಂಡವಳಲ್ಲ. ಆದರೂ ಇಬ್ಬರೂ ಕಟ್ಟೆಯ ಮೇಲೆ ಕೂತು, ಜೋಳದ ದಂಟಿನ ಬೆಂಡು ಕೊಯ್ದು, ಜಾಲಿಮುಳ್ಳು ಚುಚ್ಚಿ, ಬೇವಿನ ಅಂಟು ಹಚ್ಚಿ ಒಂದು ಮೋಟಾರು ಮಾಡಿದೆವು. ನಾಲ್ಕು ಗಾಲಿ, ಮೇಲೊಂದು ಚಾವಣಿ. ಮುಂದಕ್ಕೆ ಆಯಿ ನೊಗ ಕಟ್ಟಿದಳು.

“ಮೋಟಾರಕ್ಕ ಎತ್ತು ಇರಂಗಿಲ್ಲಂತ, ಆಯಿ.”

“ಎತ್ತಿಲ್ದ ಹ್ಯಾಂಗ ನಡೀತದ, ಹುಚ್ಚಿ? ನಿಮ್ಮಪ್ಪ ಮನಿ ಮುಟ್ಟಬೇಕೋ ಬ್ಯಾಡೋ?”

ಆ ಮಾತಿಗೆ ನಾನೇ ನೊಗಕ್ಕೆ ಇನ್ನೊಂದು ಗಂಟು ಬಿಗಿದೆ.

ಅಂಟು ಇನ್ನೂ ಆರಿರಲಿಲ್ಲ. ತಲೆ ಎತ್ತಿದರೆ, ಮೊಣಕಾಲ ತನಕ ಕೆಸರು ಮೆತ್ತಿಕೊಂಡ, ಗಡ್ಡ ಬಿಟ್ಟ ಅಪ್ಪ ಕಟ್ಟೆಯೆದುರು ನಿಂತಿದ್ದ. ಆಯಿ ಅವನ ಮುಖ ಸವರಿದಳು. ಅಪ್ಪ ನನ್ನ ಕೈಯ ಮೋಟಾರು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ನಾನು ನಾಚಿ ನೊಗ ಬಿಚ್ಚಲು ಹೋದೆ.

“ಇರ್ಲಿ ಬಿಡವ್ವ,” ಎಂದ. “ನಮ್ಮ ಮೋಟಾರ ರಂಗಂಪೇಟಿ ಹಂತ್ಯಾಕ ಕೆಸರಾಗ ಹೂತಿತ್ತು. ಎರಡು ಜೋಡಿ ಎತ್ತು ಕಟ್ಟೇ ಎಳದಾರ.”

ಆಯಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

“ನಾ ಏನ್ ಹೇಳಿದ್ದೆ?” ಎಂದವಳೇ ರೊಟ್ಟಿಗೆ ಒಲೆ ಹಚ್ಚಲು ಎದ್ದಳು.