ಎಂಜಲು ಲಾಳಿ

ಚೇತನ್‌ನ ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ, ಛಾಯಾ ಪ್ಲಿಮತ್‌ನ ಹಳೆಯ ಉಣ್ಣೆ ಗಿರಣಿಯ ಮ್ಯೂಸಿಯಂನಲ್ಲಿ ಮಗ್ಗದ ಮರದ ಲಾಳಿಯೊಂದನ್ನು ಮೇಜಿನ ಮೇಲಿಟ್ಟಳು. ಗಂಡ ಚೇತನ್ ಅದನ್ನು ಇಲ್ಲಿಂದ ಎರವಲು ಒಯ್ದು ಕಾರಿನಲ್ಲೇ ಬಿಟ್ಟಿದ್ದ. ಅತ್ತೆ ಮಗನ ಬಟ್ಟೆ, ಹಾಸಿಗೆ, ಕಡೆಗೆ ಕಾಫಿ ಲೋಟವನ್ನೂ ತೊಳೆದು ಶುದ್ಧ ಮಾಡಿ ಹೋಗಿದ್ದರು. ಇದೊಂದು ಅವರ ಕಣ್ಣಿಗೆ ಬಿದ್ದಿರಲಿಲ್ಲ.

“ಅಂಕಲ್, ನೂಲು ಒಳಗಿದೆ, ತೂತು ನೋಡಿದ್ರೆ ಇಷ್ಟೇ ಇಷ್ಟು. ಆಚೆ ಹೇಗೆ ಬರತ್ತೆ?” ಇಷ್ಟು ದಿನಗಳಲ್ಲಿ ಅವಳಿಗೆ ಏನನ್ನಾದರೂ ತಿಳಿಯಬೇಕೆನಿಸಿದ್ದು ಇದೇ ಮೊದಲು.

ಅಲ್ಲಿ ವಾಲಂಟಿಯರ್ ಆಗಿದ್ದ ಕೃಷ್ಣಮೂರ್ತಿ ಮೆಲ್ಲಗೆ ನಕ್ಕರು. “ತುಟಿ ಇಟ್ಟು ಉಸಿರು ಎಳ್ಕೋಬೇಕಮ್ಮ. ಆಗಿನ ಮಿಲ್‌ಗಳಲ್ಲಿ ಹೆಂಗಸರು ಹಾಗೇ ಮಾಡ್ತಿದ್ರು, ಒಬ್ಬರ ಎಂಜಲು ಇನ್ನೊಬ್ಬರಿಗೆ. ‘ಇಂಜಿನಿಯರ್ ಅಂತೀಯ, ಒಂದು ದಾರ ಎಳೆಯಕ್ಕಾಗಲ್ವೇನೋ’ ಅಂತ ಚೇತನ್‌ನ ರೇಗಿಸಿದೆ. ತುಟಿಯಿಟ್ಟು ಎಷ್ಟು ಎಳೆದ್ರೂ ಬರ್ಲಿಲ್ಲ, ಕಲಿತೇ ವಾಪಸ್ ತರ್ತೀನಿ ಅಂತ ತಗೊಂಡ್ಹೋದ.” ಕರವಸ್ತ್ರ ತೆಗೆದು ಕೈ ಚಾಚಿದರು. “ಕೊಡು, ಒರೆಸಿಡ್ತೀನಿ.”

“ಒಂದ್ನಿಮಿಷ ಅಂಕಲ್.”

ಗಂಡನ ಬಾಟಲಿಯ ನೀರನ್ನೂ ಎತ್ತಿಯೇ ಕುಡಿಯುತ್ತಿದ್ದ ಛಾಯಾ, ಲಾಳಿಯ ತೂತಿಗೆ ತುಟಿಯಿಟ್ಟು ಉಸಿರೆಳೆದಳು. ಬರಲಿಲ್ಲ. ಕಣ್ಣು ಮುಚ್ಚಿ ಇನ್ನೊಮ್ಮೆ, ಎದೆ ತುಂಬ ಎಳೆದಳು. ಒರಟು ಉಣ್ಣೆಯ ಎಳೆಯೊಂದು ಹೊರಬಂದು ನಾಲಿಗೆಗೆ ತಾಕಿತು. ತುಸು ಹೊತ್ತು ಅದನ್ನು ಹಾಗೇ ತುಟಿಯಲ್ಲಿ ಹಿಡಿದಿದ್ದಳು.

ಆಮೇಲೆ ಲಾಳಿಯನ್ನು ಅವರ ಅಂಗೈಯಲ್ಲಿಟ್ಟಳು.

“ಕಲಿತಾಯ್ತು ಅಂಕಲ್. ತಗೊಳ್ಳಿ.”