ಬಾಗಿಲಿಗೆ ಎಡಗೈ

"ಅಜ್ಜೀ, ಆ ಕೈಯಲ್ಲ!" ಎಂದು ಕಿರುಚಿದ ಮಾರಿಟ್, ತಾನು ಆಗಷ್ಟೇ ನಿಲ್ಲಿಸಿದ ಕಾರಿನ ಬಲಬದಿಯ ಬಾಗಿಲಿನಿಂದ, ಪಕ್ಕದ ಸೀಟಿನಲ್ಲಿದ್ದ ಅಜ್ಜಿ ವಿಲ್ಲೆಮಿನ್‌ಳ ಬಲಗೈಯನ್ನು ಎಳೆದುಕೊಂಡಳು. "ಎಡಗೈಲಿ ತೆಗಿ. ಆಗ ಮೈ ತಿರುಗತ್ತೆ, ಹಿಂದೆ ಸೈಕಲ್ ಬರ್ತಿದ್ರೆ ಕಾಣತ್ತೆ."

ಅಜ್ಜಿ ತಿರುಗಿ ನೋಡಿದಳು. ಮಗುವನ್ನು ಮುಂದೆ ಕೂರಿಸಿಕೊಂಡ ಹೆಂಗಸೊಬ್ಬಳು ಬಾಗಿಲಿಗೆ ಗೇಣು ದೂರದಲ್ಲಿ ಸೈಕಲ್ ತುಳಿದುಕೊಂಡು ಹೋದಳು.

ಐವತ್ತು ವರ್ಷಗಳ ಹಿಂದೆ ಉಟ್ರೆಕ್ಟ್‌ನ ಇದೇ ಬೀದಿಯಲ್ಲಿ, ಸೈಕಲ್ಲಿಗೂ ದಾರಿ ಬಿಡಿ ಎಂದು ಕಾರುಗಳಿಗೆ ಅಡ್ಡ ಮಲಗಿದ್ದವಳು ವಿಲ್ಲೆಮಿನ್. ಹಟಕ್ಕೆ ಬಿದ್ದು ಆಮೇಲೆ ಒಂದು ಕಾರನ್ನೂ ಹತ್ತಿರಲಿಲ್ಲ. ಮೊಮ್ಮಗಳಿಗೆ ಲೈಸೆನ್ಸ್ ಬಂತೆಂದು ಇವತ್ತು ಹತ್ತಿದ್ದಳು.

"ರಸ್ತೆ ಏನು ನಿಮ್ಮಪ್ಪಂದಾ?" ಮಾರಿಟ್ ಗದರಿದಳು.

ಅಂದು ಮಲಗಿದಲ್ಲಿಂದಲೇ ತಾನು ಕೂಗಿದ್ದ ಮಾತು ಅದು. ನಾಚಿಕೆಯಾಗಬೇಕಿದ್ದ ಅಜ್ಜಿಗೆ ಎದೆಯುಬ್ಬಿ ಬಂತು.

"ಇನ್ನೊಂದ್ಸಲ ಬೈಯೇ," ಎಂದಳು.