ಸಂಪಂಗಿಗೊಂದು ಮೂಗುಬೊಟ್ಟು

ಗಂಡನ ಅಂಗಿ ಒದರಿದಾಗ ಜೇಬಿನಿಂದ ಬಿದ್ದದ್ದು ಮೂಗುಬೊಟ್ಟು. ಏಳು ಬಿಳಿ ಕಲ್ಲು, ಹೊಸ ಚಿನ್ನ. ಲಲಿತಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಅವಳ ಮೂಗಿನದು ಮದುವೆಯಲ್ಲಿ ಹಾಕಿದ್ದು, ಒಂದು ಕಲ್ಲು ಉದುರಿ ಯಾವ ಕಾಲವಾಯಿತೋ. ಅಕ್ಕಸಾಲಿಗನ ಹೆಂಡತಿಯ ಹಣೆಬರಹ!

ಅಂಗಿಯನ್ನು ಮೂಸಿದಳು. ಮಟನ್ ಸಾರಿನ ವಾಸನೆ. ಈರುಳ್ಳಿಯನ್ನೇ ಯೋಚಿಸಿ ತಿನ್ನುವ ಗಂಡನ ಅಂಗಿಯಲ್ಲಿ! ಬಕೆಟ್ಟಿನಲ್ಲಿದ್ದ ಮನೆಮಂದಿಯ ಬಟ್ಟೆಗೆಲ್ಲ ಅದೇ ವಾಸನೆ ಹತ್ತಿತ್ತು.

"ನಿಮ್ಮಪ್ಪ ಯಾವಳನ್ನೋ ಇಟ್ಕಂಡವ್ರೆ ಕಣೋ," ಎಂದು ಮಗನ ಮುಂದೆ ಅತ್ತಳು. "ಸಿಗ್ಲಿ ಅವ್ಳು. ಮೂಗೇ ಕುಯ್ದಾಕ್ತೀನಿ."

ಅಭಿಲಾಷ್ ಮೂಗುಬೊಟ್ಟನ್ನು ಅವಳ ಕೈಯಿಂದ ತೆಗೆದು ಅಪ್ಪನ ಇನ್ನೊಂದು ಅಂಗಿಯ ಜೇಬಿಗೆ ಹಾಕಿದ. "ಸಿಗ್ತಾಳೆ ಬುಡಮ್ಮ," ಎಂದ. ಅವನು ಮಾತಾಡುವುದೇ ಹಾಗೆ, ಪಿಸುಗುಟ್ಟಿದಂತೆ.

ಚಂದ್ರಶೇಖರಾಚಾರ್ರು ಕೆ.ಆರ್. ಪೇಟೆಯಲ್ಲಿ ಸಣ್ಣ ಆಸಾಮಿಯಲ್ಲ. ಚಿನ್ನದ ಕೆಲಸದಲ್ಲಿ ಎತ್ತಿದ ಕೈ, ಮೇಲೆ ಸಂಗೀತ ಸಭೆಯ ಅಧ್ಯಕ್ಷರು. ಆರ್ಕೆಸ್ಟ್ರಾ ಎಂಬ ಮಾತು ಕಿವಿಗೆ ಬಿದ್ದರೆ ಹುಳ ಕಂಡವರಂತೆ ಮುಖ ಕಿವುಚುತ್ತಿದ್ದರು. ಸ್ವಂತ ಮಗನನ್ನೇ ಬಿಟ್ಟವರಲ್ಲ. ಹದಿನಾರರ ಹುಡುಗ ಸಭೆಯಲ್ಲಿ ಮೊದಲ ಕೀರ್ತನೆ ಎತ್ತಿಕೊಂಡಾಗ, ಪಲ್ಲವಿ ಮುಗಿಯುವ ಮೊದಲೇ ಎದ್ದು ಹೋಗಿ ಶ್ರುತಿಪೆಟ್ಟಿಗೆ ನಿಲ್ಲಿಸಿದ್ದರು. "ಈ ಗಂಟ್ಲು ಒಂದಿನ ನನ್ ಮಾನ ಕಳೀತದೆ. ಏಳಲೇ ಮೇಲೆ!" ಸಭೆ ಗೊಳ್ಳೆಂದು ನಕ್ಕಿತು. ಮನೆಯಲ್ಲಿ ಹುಡುಗನ ಹಾಡು ಅವತ್ತಿಗೆ ನಿಂತಿತು. ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತು ಚಿನ್ನ ಕಾಯಿಸುವ ಊದುಕೊಳವೆ ಊದಲು ಕಲಿತ.

ಇಂಥ ಆಚಾರ್ರಿಗೆ ಈಗ ಒಂದು ಹುಚ್ಚು ಹಿಡಿದಿತ್ತು. ಹುಚ್ಚಿನ ಹೆಸರು ಮಿಸ್ ಸಂಪಂಗಿ.

ಶಶಿ ಎಂಬವನ ಆರ್ಕೆಸ್ಟ್ರಾದ ಗಾಯಕಿ. ಮದುವೆ ಮುಗಿದ ಮೇಲಿನ ಬೀಗರೂಟಗಳಲ್ಲಿ ಪೋಲಿ ಹಾಡು ಹಾಡುವವಳು. ದನಿ ಪರದೆಯ ಹಿಂದಿನಿಂದ ಬರುತ್ತದೆ, ಮುಂದೆ ಬೇರೆ ಹುಡುಗಿ ಕುಣಿಯುತ್ತಾಳೆ. ಸಂಪಂಗಿಯ ಮುಖ ಕಂಡವರಿಲ್ಲ. ಮಗ ಕಲ್ಲು ತರಲು ಮೈಸೂರಿಗೆ ಹೊರಟ ದಿನ ಆಚಾರ್ರು ಅಂಗಡಿ ಬಾಗಿಲೆಳೆದು ಶೀಳನೆರೆಗೋ ಪಾಂಡವಪುರಕ್ಕೋ ಬಸ್ಸು ಹತ್ತುತ್ತಿದ್ದರು. ಕರೆಯದ ಊಟ, ಅದೂ ಬಾಡೂಟ. ತಲೆಗೆ ಟವೆಲ್ಲು ಸುತ್ತಿ, ಮಟನ್ ಹಂಡೆಗಳ ಪಕ್ಕ ಮೂಗು ಬಿಗಿಹಿಡಿದು ನಿಲ್ಲುತ್ತಿದ್ದರು. ಸೊಂಟ, ರವಿಕೆ, ಮಂಚ ಎಂಬ ಹೇಸಿಗೆ ಮಾತುಗಳ ನಡುವೆ ಆ ದನಿ ಮೇಲಕ್ಕೇರಿ ಅಲ್ಲೇ ನಿಂತರೆ, ದೇವರಾಣೆ, ಅವರಿಗೆ ಅಳು ಬರುತ್ತಿತ್ತು.

ಒಮ್ಮೆ ತಡೆಯಲಾರದೆ ಶಶಿಯನ್ನು ಕೇಳಿಯೇಬಿಟ್ಟರು. "ಯಾರ ಮನೆ ಮಗಳಪ್ಪ ಅದು?"

ಶಶಿ ಟವೆಲ್ಲಿನೊಳಗಿನ ಮುಖದ ಗುರುತು ಹಿಡಿದು ಪರದೆಯ ಕಡೆ ಒಮ್ಮೆ ನೋಡಿದ. "ಒಳ್ಳೆ ಮನೇದೇ ಆಚಾರ್ರೇ. ಅಪ್ಪನ ಭಯ. ಅದ್ಕೇ ಮುಖ ತೋರ್ಸಕಿಲ್ಲ."

"ಇಂಥ ಗಂಟ್ಲು ಅದುಮ್ದೋನು ಅಪ್ಪ ಏನ್ಲಾ? ಕಟುಕ!"

"ಹೇಳ್ತೀನಿ ಬುಡಿ," ಎಂದ ಶಶಿ.

ಅವಳಿಗೆಂದೇ ಮಾಡಿದ್ದು ಆ ಮೂಗುಬೊಟ್ಟು. ಕಲ್ಲು ಕೂರಿಸುವಾಗ ಪಕ್ಕದಲ್ಲಿದ್ದ ಅಭಿಲಾಷ್ ಕೇಳಿದ್ದ: "ಅವ್ರಿಗೆ ಮೂಗು ಚುಚ್ಚೈತಾ ಅಪ್ಪಾಜಿ?"

"ಯಾವ ಹೆಣ್ಣಿಗೆ ಚುಚ್ಚಿರಕಿಲ್ಲಲೇ? ಊದು ನೀನು."

ಮುಂದಿನ ಬೀಗರೂಟದಲ್ಲಿ ಅದನ್ನು ಶಶಿಯ ಕೈಗಿಟ್ಟರು. ಒಂದು ಸಲ ಮುಖ ತೋರಿಸಿದರೆ ಸಾಕು ಎಂದು ಅಂಗಲಾಚಿದರು. ಶಶಿ ಪರದೆಯ ಹಿಂದೆ ಹೋಗಿ ಬಂದ.

"ಈಸ್ಕಂಡ್ರು. ಸೋಮವಾರ ಬೆಳಿಗ್ಗೆ ನಿಮ್ಮ ಅಂಗ್ಡಿಗೇ ಬತ್ತಾರಂತೆ."

ಸೋಮವಾರ ಆಚಾರ್ರು ನುಣ್ಣಗೆ ಕ್ಷೌರ ಮಾಡಿಕೊಂಡು, ಜರಿ ಶಲ್ಯ ಹೊದ್ದು ಕೂತರು. ಹಾಳಾದ್ದು, ಅದೇ ಹೊತ್ತಿಗೆ ಸಂಗೀತ ಸಭೆಯವರೆಲ್ಲ ಬಂದು ಬೆಂಚು ತುಂಬಿಕೊಂಡರು. ವಿದ್ವಾನ್ ರಘುನಂದನ್ ಮುಂದಾಳು. ರಾಜ್ಯೋತ್ಸವಕ್ಕೆ ಶಶಿಯ ಆರ್ಕೆಸ್ಟ್ರಾ ಕರೆಸುತ್ತಾರಂತೆ, ಹೇಗಾದರೂ ತಪ್ಪಿಸಬೇಕು.

"ಅವಳ್ಯಾರೋ ಸಂಪಂಗಿಯಂತೆ. ನೀವು ಕೇಳಿದೀರಾ ಆಚಾರ್ರೇ?"

"ಥೂ! ಅಂಥೋರ ಹೆಸ್ರು ನನ್ನ ಅಂಗ್ಡೀಲಿ ಎತ್ತಬೇಡಿ," ಎಂದರು ಆಚಾರ್ರು. "ಅಂಥದನ್ನ ಹುಟ್ಟಿಸಿದೋನು ನೇಣು ಹಾಕ್ಕೋಬೇಕು." ಸಭೆಯವರು ಭೇಷ್ ಎಂದರು. ಆಚಾರ್ರ ಕಣ್ಣು ಮಾತ್ರ ಬೀದಿಯ ಮೇಲಿತ್ತು.

ಒಳಬಾಗಿಲಲ್ಲಿ ಲಲಿತಮ್ಮ. ಗಂಡ ಜರಿ ಶಲ್ಯ ಹೊದ್ದಾಗಲೇ ಅವಳಿಗೆ ಗೊತ್ತಾಗಿತ್ತು, ಇವತ್ತು ಆ ಹಲ್ಕಾ ಬರುತ್ತಾಳೆಂದು. ಕೈಯಲ್ಲಿ ಪೊರಕೆ ಇತ್ತು.

ಒಬ್ಬ ಹೆಂಗಸು ಅಂಗಡಿಯ ಮೆಟ್ಟಿಲು ಹತ್ತಿದಳು. ಆಚಾರ್ರು ಅರ್ಧ ಎದ್ದರು. ಲಲಿತಮ್ಮ ಪೊರಕೆ ಎತ್ತಿದಳು. ಮಗುವಿಗೆ ಕಿವಿ ಚುಚ್ಚಿಸಲು ಯಾವತ್ತು ಬರಲಿ ಎಂದು ಕೇಳಲು ಬಂದಿದ್ದ ಹೆಂಗಸು, ಪೊರಕೆ ನೋಡಿ ಬಂದ ದಾರಿಯಲ್ಲೇ ಹೋದಳು.

"ಯಾರನ್ನೋ ಕಾಯ್ತಿರೋ ಹಾಗಿದೆ," ಎಂದರು ರಘುನಂದನ್.

"ಗಿರಾಕಿ," ಎಂದರು ಆಚಾರ್ರು, ಬೆವರು ಒರೆಸಿಕೊಂಡು.

ಅಭಿಲಾಷ್ ಊದುಕೊಳವೆ ಕೆಳಗಿಟ್ಟ. ಕೈ ತೊಳೆದ. ಮೇಜು ಸುತ್ತಿ ಬಂದು, ಅಷ್ಟೂ ಜನರ ಮುಂದೆ, ಗಿರಾಕಿಗಳ ಸ್ಟೂಲಿನ ಮೇಲೆ ಅಪ್ಪನಿಗೆ ಎದುರಾಗಿ ಕೂತ. ಏಳು ಕಲ್ಲಿನ ಮೂಗುಬೊಟ್ಟನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, ಮುಖ ಮೇಲೆತ್ತಿದ.

"ಮೂಗು ಚುಚ್ಚಿಲ್ಲ ಅಪ್ಪಾಜಿ, ನೀವೇ ಚುಚ್ಬುಡಿ," ಎಂದಳು ಮಿಸ್ ಸಂಪಂಗಿ.